ಎಲ್ ಸೋಫಾ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಸ್ತುವನ್ನು ಕುರಿತವು. ಅಂಗಡಿಯವರು ಸೆಕ್ಷನಲ್ ಎಂದೂ ಕಾರ್ನರ್ ಸೋಫಾ ಎಂದೂ ಕರೆಯುವ, ಮನೆಮಂದಿಯ ಬಾಯಲ್ಲಿ ‘ಎಲ್ ಸೋಫಾ’ ಎಂದೇ ಆಗಿಹೋಗಿರುವ, ಹಾಲ್‌ನ ಮೂಲೆ ಹಿಡಿದು ಎರಡು ಗೋಡೆಗಳ ಗುಂಟ ಚಾಚಿಕೊಳ್ಳುವ ಆಸನ ಅದು. ಪತ್ರಗಳು ಹೆಚ್ಚಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದಿವೆ. ನಾನು ಮನೆಗಳ ಒಳಾಂಗಣದ ಕೆಲಸ ಮಾಡುವುದೂ ಇದೇ ಭಾಗದಲ್ಲಿ ಆದ್ದರಿಂದ ಈ ಸಲದ ಪುಟಗಳನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ (ನವನಗರ, ಬಾಗಲಕೋಟೆ): ಹಳೆ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದವರು ನಾವು. ಈಗ ಮನೆಯನ್ನು ಹೊಸದು ಮಾಡಿಸುತ್ತಿದ್ದೇವೆ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ ಇದೆ. ನಮ್ಮ ಮದುವೆಯ ಕಾಲದ ಸಾಗವಾನಿ ಸೋಫಾ ಸೆಟ್ಟು, ಮೂರು ಜನ ಕೂಡುವುದೊಂದು, ಒಬ್ಬೊಬ್ಬರು ಕೂಡುವುವು ಎರಡು, ಇಂದಿಗೂ ಗಟ್ಟಿಮುಟ್ಟಾಗಿದೆ. ಮಗ ಮತ್ತು ಸೊಸೆಗೆ ಎಲ್ ಸೋಫಾ ಬೇಕು. ಹೋದ ಮನೆಗಳಲ್ಲೆಲ್ಲ ಅದನ್ನೇ ಕಾಣುತ್ತಿದ್ದೇನೆ. ಇದು ಬರೀ ಫ್ಯಾಷನ್ನೇ, ಅಥವಾ ಇದರಲ್ಲಿ ಹುರುಳಿದೆಯೇ?

ಉತ್ತರ: ಹುರುಳಿದೆ. ಅದು ನಿಮಗೆ ಮೊದಲೇ ಗೊತ್ತಿರುವಂಥದ್ದು ಕೂಡ. ನೀವು ಬಿಟ್ಟುಬಂದ ಮನೆಯ ಪಡಸಾಲೆಯನ್ನು ಒಮ್ಮೆ ನೆನೆಯಿರಿ. ಗೋಡೆಗುಂಟ ಜಮಖಾನೆ, ಅದರ ಮೇಲೆ ಗಾದಿ, ಬೆನ್ನಿಗೆ ಲೋಡು. ಒಬ್ಬರು ಚಕ್ಕಳಮಕ್ಕಳ ಹಾಕಿ ಕುಳಿತರೆ ಇನ್ನೊಬ್ಬರು ಲೋಡಿಗೆ ಒರಗಿ ಕಾಲು ಚಾಚುತ್ತಿದ್ದರು, ಬಂದವರು ಹೆಚ್ಚಾದರೆ ಇದ್ದವರು ಸರಿದು ಜಾಗ ಕೊಡುತ್ತಿದ್ದರು, ಊಟವಾದ ಮೇಲೆ ಅಲ್ಲಿಯೇ ಒಂದು ಜೊಂಪು ಹತ್ತುತ್ತಿತ್ತು. ಸೋಫಾ ಎಂಬ ಶಬ್ದದ ಮೂಲವಾದ ಅರಬ್ಬಿಯ ‘ಸುಫ್ಫಾ’ ಕೂಡ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ: ನೆಲಕ್ಕಿಂತ ತುಸು ಎತ್ತರಿಸಿ, ಹಾಸು ಹಾಸಿ, ದಿಂಬು ಇಟ್ಟು, ಹಲವರು ಒಟ್ಟಿಗೆ ಕೂಡಲು ಮಾಡಿದ ಕಟ್ಟೆ. ನಮ್ಮ ಮನೆಗಳಿಗೆ ಆಮೇಲೆ ಬಂದ ಮೂರು–ಒಂದು–ಒಂದರ ಸೆಟ್ಟು ಈ ಕೂಡುವ ರೀತಿಯನ್ನು ಒಡೆಯಿತು. ಅದು ಒಬ್ಬೊಬ್ಬರಿಗೂ ಎರಡು ಕೈಗಳ (ತೋಳು ಊರುವ ಆಸರೆಗಳ) ನಡುವೆ ಇಂತಿಷ್ಟೇ ಎಂದು ಜಾಗ ಅಳೆದುಕೊಟ್ಟಿತು, ಮನೆಯವರನ್ನೂ ನೆಂಟರ ಹಾಗೆ ನೆಟ್ಟಗೆ ಕೂರಿಸಿತು. ಎಲ್ ಸೋಫಾದಲ್ಲಿ ನಡುವಣ ಕೈಗಳಿಲ್ಲ, ಕಾಲು ಮೇಲೆತ್ತಿ ಕೂಡಬಹುದು, ಮಗು ಮಲಗಬಹುದು, ಒಂದೇ ಆಸನದ ಮೇಲೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಒತ್ತಿಕೊಂಡು ಕುಳಿತು ಟಿವಿ ನೋಡಬಹುದು. ಅದು ಇಷ್ಟು ಬೇಗ ನಮ್ಮ ಮನೆಗಳಲ್ಲಿ ಬೇರೂರಿದ್ದಕ್ಕೆ ನಾನು ಕಂಡ ಮುಖ್ಯ ಕಾರಣ ಇದೇ.

ಎರಡನೆಯ ಕಾರಣ ಜಾಗದ್ದು. 12 ಅಡಿಯ ಅಗಲದಲ್ಲಿ 3 ಅಡಿ ಆಳದ ಎರಡು ಸಾಲುಗಳನ್ನು ಎದುರುಬದುರು ಇಟ್ಟರೆ ನಡುವೆ 6 ಅಡಿ ಉಳಿಯುತ್ತದೆ. ಅದರಲ್ಲಿ 2 ಅಡಿಯ ಟೀಪಾಯಿ ಬಂತೆಂದರೆ ಆಚೆ ಈಚೆ ತಲಾ 2 ಅಡಿ ಮಾತ್ರ, ಮತ್ತು ಅಡುಗೆಮನೆಯಿಂದ ಚಹಾ ತರುವವರು ಮಾತನಾಡುವವರ ಮಧ್ಯದಿಂದಲೇ ಹಾಯಬೇಕು. ಅದೇ ಎರಡು ಸಾಲುಗಳನ್ನು ಮೂಲೆಯಲ್ಲಿ ಕೂಡಿಸಿದರೆ ಉಳಿದ 9 ಅಡಿ ಅಗಲ ಒಂದೇ ಕಡೆ ತೆರೆದುಕೊಳ್ಳುತ್ತದೆ. ಮಾತಿಗೂ ಇದು ಹಿತ. ಮೂಲೆಯ ಆಚೀಚೆ ಕುಳಿತ ಇಬ್ಬರು ಕೊರಳು ಪೂರ್ತಿ ತಿರುಗಿಸದೆ ಒಬ್ಬರ ಮುಖವನ್ನೊಬ್ಬರು ನೋಡಬಹುದು, ಆದರೆ ನೇರ ಸೋಫಾದ ಎರಡು ತುದಿಗಳಲ್ಲಿ ಕುಳಿತವರು ನಡುವೆ ಕುಳಿತವರನ್ನು ದಾಟಿಯೇ ಮಾತನಾಡಬೇಕಾಗುತ್ತದೆ.

ಇನ್ನು, ಇದು ನಿನ್ನೆ ಮೊನ್ನೆಯ ಕಲ್ಪನೆಯೂ ಅಲ್ಲ. ಅಮೆರಿಕದ ವಿನ್ಯಾಸಕಾರ ಹಾರ್ವಿ ಪ್ರಾಬರ್ 1940ರ ದಶಕದಲ್ಲಿಯೇ ಬಿಡಿ ಬಿಡಿ ಆಸನಗಳನ್ನು ಮಾಡಿ, ಕೊಂಡವರು ತಮ್ಮ ಕೋಣೆಗೆ ತಕ್ಕಂತೆ ಅವನ್ನು ಜೋಡಿಸಿಕೊಳ್ಳಲಿ ಎಂದು ಬಿಟ್ಟರು. 1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ಪಾಲಿಯುರಿಥೇನ್ 1950ರ ದಶಕದಲ್ಲಿ ಮೆತ್ತನೆಯ ಫೋಮ್ ಆಗಿ ಮಾರುಕಟ್ಟೆಗೆ ಬಂದ ಮೇಲೆ ಇಂಥ ದೊಡ್ಡ ಆಸನಗಳನ್ನು ಹಗುರಾಗಿ, ಅಗ್ಗವಾಗಿ ತುಂಬುವುದು ಸಾಧ್ಯವಾಯಿತು. ಸೆಕ್ಷನಲ್ ಎಂದರೆ ಬಿಡಿ ಭಾಗಗಳಾಗಿ ಮಾಡಿದ್ದು ಎಂದು ಅರ್ಥ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಎಲ್ ಸೋಫಾಗಳು ಎರಡೇ ದೊಡ್ಡ ತುಂಡುಗಳಾಗಿ ಬಂದು, ಇಟ್ಟ ಮೂಲೆಯಲ್ಲೇ ಹೂತಂತೆ ಉಳಿದುಬಿಡುತ್ತವೆ. ಆಕಾರ ಬಂತು, ಗುಣ ಬರಲಿಲ್ಲ. ನಾನು ಪ್ರತಿ ಮನೆಯಲ್ಲೂ ಒತ್ತಿ ಹೇಳುವುದು ಇದನ್ನೇ: ಬಿಚ್ಚಲು, ಸರಿಸಲು, ಬೇರೆ ರೀತಿ ಜೋಡಿಸಲು ಬರುವಂಥದ್ದನ್ನೇ ಕೊಳ್ಳಿ.

‘ಏಳು ಜನ ಕೂಡಬಹುದು’ ಎಂದು ಅಂಗಡಿಯವರು ಹೇಳುವ ಮಾತನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. 9 ಅಡಿಗೆ 7 ಅಡಿಯ ಸೋಫಾ, ಆಳ 3 ಅಡಿ, ತುದಿಯ ಕೈಗಳು ತಲಾ ಅರ್ಧ ಅಡಿ ಎಂದಿಟ್ಟುಕೊಳ್ಳಿ. ಉದ್ದನೆಯ ಬದಿಯಲ್ಲಿ ಮೂಲೆಯ 3 ಅಡಿಯನ್ನೂ ಕೈಯನ್ನೂ ಕಳೆದರೆ ಉಳಿಯುವುದು ಐದೂವರೆ ಅಡಿ, ಎಂದರೆ ಮೂವರಿಗೆ ತಲಾ 22 ಅಂಗುಲ. ಗಿಡ್ಡ ಬದಿಯಲ್ಲಿ ಉಳಿಯುವುದು ಮೂರೂವರೆ ಅಡಿ, ಇಬ್ಬರಿಗೆ ತಲಾ 21 ಅಂಗುಲ. ಮೂಲೆಯಲ್ಲಿ ಒಬ್ಬರು, ಅವರೂ ಕಾಲು ಮೇಲಿಟ್ಟುಕೊಳ್ಳಬೇಕು, ಇಲ್ಲವಾದರೆ ಪಕ್ಕದವರ ಮೊಣಕಾಲಿಗೆ ತಾಗುತ್ತದೆ. ಒತ್ತಿ ಕುಳಿತರೆ ಆರು, ಹಾಯಾಗಿ ಕುಳಿತರೆ ನಾಲ್ಕು.

ಆದ್ದರಿಂದ ನನ್ನ ಸಲಹೆ ಹೀಗಿದೆ. ಮಗ ಸೊಸೆಯ ಆಸೆ ನ್ಯಾಯವಾದದ್ದೇ. ಸುಮಾರು 8 ಅಡಿಗೆ 6 ಅಡಿಯ ಚಿಕ್ಕ ಅಳತೆಯ ಎಲ್ ಸೋಫಾ ತರಲಿ. ಹಳೆಯ ಸೆಟ್ಟಿನ ಎರಡು ಒಂಟಿ ಕುರ್ಚಿಗಳಿಗೆ ಹೊಸ ಫೋಮ್, ಹೊಸ ಬಟ್ಟೆ ಹಾಕಿಸಿ ಎದುರಿಗೆ ಇಟ್ಟುಕೊಳ್ಳಿ. ಸಾಗವಾನಿಯನ್ನು ಮಾರಬೇಡಿ. ಅಂಥ ಕಟ್ಟಿಗೆಯ ಚೌಕಟ್ಟನ್ನು ಇಂದು ಮಾಡಿಸಲು ಹೊರಟರೆ ನಿಮಗೇ ಅದರ ಬೆಲೆ ತಿಳಿಯುತ್ತದೆ. ಹಾಲ್‌ನಲ್ಲಿ ಆ ಎರಡು ಕುರ್ಚಿಗಳು ಯಾರಿಗೆ ಬೇಕಾಗುತ್ತವೆ ಎಂಬುದಕ್ಕೆ ಮುಂದಿನ ಪತ್ರವೇ ಉತ್ತರ.

ಪ್ರಶ್ನೆ (ಸೋಲಾಪುರ ರಸ್ತೆ, ವಿಜಯಪುರ): ದೀಪಾವಳಿಗೆ ದೊಡ್ಡ ಎಲ್ ಸೋಫಾ ತಂದೆವು. ಎಲ್ಲರಿಗೂ ಇಷ್ಟವಾಯಿತು. ಆದರೆ 78 ವರ್ಷದ ನಮ್ಮ ತಾಯಿ ಒಮ್ಮೆ ಕುಳಿತರೆ ಏಳಲು ಇಬ್ಬರು ಕೈ ಹಿಡಿಯಬೇಕು. ಈಗ ಅವರು ಅದರ ಮೇಲೆ ಕೂಡುವುದನ್ನೇ ಬಿಟ್ಟಿದ್ದಾರೆ. ಸೋಫಾ ಬದಲಾಯಿಸದೆ ಏನಾದರೂ ಮಾಡಬಹುದೇ?

ಉತ್ತರ: ಮಾಡಬಹುದು, ಮತ್ತು ದಯವಿಟ್ಟು ಈ ವಾರವೇ ಮಾಡಿ. ನಿಮ್ಮ ಪತ್ರ ಓದಿದಾಗ ನನಗೆ ನಿಮ್ಮ ಊರಿನದೇ ಇನ್ನೊಂದು ಮನೆ ನೆನಪಾಯಿತು. ಅಲ್ಲಿ ಹೊಸ ಸೋಫಾದ ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಿದ್ದರು. ಮನೆಯ ಹಿರಿಯರು ಮಾತ್ರ ಅಡುಗೆಮನೆಯ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಇಲ್ಲಿ ಬನ್ನಿರಿ ಎಂದು ಕರೆದರೆ ‘ಅದು ಒಳಗ ಎಳಕೋತದ’ ಎಂದರು. ಟೇಪು ಹಿಡಿದು ನೋಡಿದೆ. ನೆಲದಿಂದ ಸೀಟಿನ ಮೇಲಂಚಿಗೆ 16 ಅಂಗುಲ. ಮೇಲೆ ಕುಳಿತು ಅಳೆದಾಗ ಫೋಮ್ ತಗ್ಗಿ ಅದು 13 ಅಂಗುಲಕ್ಕೆ ಇಳಿಯಿತು. ಸೀಟಿನ ಆಳ 25 ಅಂಗುಲ. ಆ ತಾಯಿಯ ಬೆನ್ನು ಹಿಂದಕ್ಕೆ ತಾಗಬೇಕಾದರೆ ಕಾಲು ನೆಲ ಬಿಡಬೇಕು, ಕಾಲು ನೆಲಕ್ಕೆ ಊರಬೇಕಾದರೆ ಬೆನ್ನಿಗೆ ಆಸರೆಯಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂ ಸರಿಯಾಗಿದ್ದವು, ಹಿಡಿದು ಏಳಲು ಎರಡು ಕೈಗಳೂ ಇದ್ದವು. ಅವರು ಆರಿಸಿಕೊಂಡ ಆಸನವೇ ಸರಿಯಾದದ್ದಾಗಿತ್ತು.

ಮೊಣಕಾಲು ಸೊಂಟಕ್ಕಿಂತ ಮೇಲೆ ಹೋಗುವಷ್ಟು ತಗ್ಗಾಗಿ ಕುಳಿತರೆ ಏಳುವಾಗ ತೊಡೆಯ ಸ್ನಾಯುಗಳ ಮೇಲೆ ಬೀಳುವ ಭಾರ ಬಹಳ ಹೆಚ್ಚು. ವಯಸ್ಸಾದವರಿಗೆ ಸೀಟು, ಅವರು ಕುಳಿತ ಮೇಲೆಯೂ, 17ರಿಂದ 18 ಅಂಗುಲ ಎತ್ತರದಲ್ಲಿರಬೇಕು. ಗಿಡ್ಡ ಇದ್ದವರಿಗೆ ಒಂದು ಅಂಗುಲ ಕಡಿಮೆಯಾದರೂ ನಡೆದೀತು. ಆಳ 20 ಅಂಗುಲ ಸಾಕು. ನಿಮ್ಮ ತಾಯಿಯನ್ನು ಗಟ್ಟಿ ಕುರ್ಚಿಯ ಮೇಲೆ ಕೂರಿಸಿ, ಪಾದ ನೆಲಕ್ಕಿಟ್ಟು, ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ ಅಳೆಯಿರಿ. ಆ ಅಳತೆಯೇ ಅವರ ಸೀಟಿನ ಎತ್ತರ.

ನಂತರ ಸೋಫಾದ ಒಂದು ತುದಿಯನ್ನು, ಕೈ ಇರುವ ತುದಿಯನ್ನು, ಅವರಿಗೆಂದೇ ಸಿದ್ಧಪಡಿಸಿ. ಕೆಲವು ಎಲ್ ಸೋಫಾಗಳ ಒಂದು ತುದಿಗೆ ಇರುವ, ಕಾಲು ಚಾಚುವ ಉದ್ದನೆಯ ಭಾಗಕ್ಕೆ ಸಾಮಾನ್ಯವಾಗಿ ಹಿಡಿದು ಏಳಲು ಕೈ ಇರುವುದಿಲ್ಲವಾದ್ದರಿಂದ ಅದು ಹಿರಿಯರಿಗೆ ಸಲ್ಲದು. ಆ ತುದಿಯ ಸೀಟಿನ ಕುಷನ್ನಿನೊಳಗಿನ ಫೋಮ್ ತೆಗೆಸಿ 40 ಡೆನ್ಸಿಟಿಯ (ಒಂದು ಘನ ಮೀಟರಿಗೆ 40 ಕಿಲೋ ತೂಗುವ) ಗಟ್ಟಿ ಫೋಮ್ ಹಾಕಿಸಿ, ಅಡಿಯಲ್ಲಿ ಒಂದು ಪ್ಲೈವುಡ್ ಹಲಗೆ ಇಡಿಸಿ. ಕಾಲುಗಳು ತಿರುಪಿನವಾದರೆ ಇಡೀ ಸೋಫಾಕ್ಕೆ ಈಗಿನದಕ್ಕಿಂತ 2 ಅಂಗುಲ ಹೆಚ್ಚು ಎತ್ತರದ ಬೇರೆ ಕಾಲು ಹಾಕಿಸಬಹುದು. ಉಳಿದವರಿಗೆ ಇದರಿಂದ ತೊಂದರೆಯೇನೂ ಆಗದು, ಅಡಿಯಲ್ಲಿ ಕಸಬರಿಗೆ ಆಡಲು ಜಾಗವೂ ಆಗುತ್ತದೆ. ಬೆನ್ನಿಗೆ ಮನೆಯಲ್ಲಿರುವ ಹಳೆಯ ಹತ್ತಿಯ ಲೋಡು ಇಡಿ. ಹತ್ತಿ ಫೋಮಿನಷ್ಟು ಒಳಕ್ಕೆ ತಗ್ಗುವುದಿಲ್ಲ, ಆಳ ನಾಲ್ಕೈದು ಅಂಗುಲ ಕಡಿಮೆಯಾಗುತ್ತದೆ. ಇಷ್ಟು ಮಾಡಿಯೂ ಅವರಿಗೆ ಹಿತವೆನಿಸದಿದ್ದರೆ, ಅವರ ಕುರ್ಚಿಯನ್ನೇ ಒಳ್ಳೆಯದೊಂದು ಕಟ್ಟಿಗೆಯ ಕುರ್ಚಿಗೆ ಬದಲಿಸಿ, ಸೋಫಾದ ತುದಿಗೆ ಹಚ್ಚಿ, ಮಾತಿನ ವರ್ತುಲದ ಒಳಗೆ ಇಡಿ. ಬಾಗಿಲ ಬಳಿ ಬೇಡ.

ಪ್ರಶ್ನೆ (ಶಹಾಪುರ, ಬೆಳಗಾವಿ): ಬಾಡಿಗೆಯ ಮೊದಲ ಮಹಡಿಯಲ್ಲಿದ್ದೇವೆ, ಮೆಟ್ಟಿಲು ಇಕ್ಕಟ್ಟು. ವರ್ಗಾವಣೆಯ ನೌಕರಿ. ಎಲ್ ಸೋಫಾ ಕೊಳ್ಳುವುದು ಜಾಣತನವೇ?

ಉತ್ತರ: ಬಿಡಿಯಾಗಿ ಬರುವುದಾದರೆ ಹೌದು, ಒಂದೇ ಅಖಂಡ ತುಂಡಾದರೆ ಖಂಡಿತ ಬೇಡ. ಬಾಗಿಲಿನ ಚೌಕಟ್ಟಿನ ಒಳ ಅಗಲ, ಮೆಟ್ಟಿಲಿನ ಅಗಲ, ಮೆಟ್ಟಿಲು ತಿರುಗುವಲ್ಲಿನ ಜಾಗ, ಈ ಮೂರನ್ನು ಬರೆದುಕೊಂಡು ಹೋಗಿ, ಪ್ರತಿ ತುಂಡಿನ ಅಳತೆಯೊಂದಿಗೆ ಹೋಲಿಸಿ. ಕಾಲು ಚಾಚುವ ಭಾಗ ಎಡಕ್ಕೂ ಬಲಕ್ಕೂ ಕೂಡಿಸಲು ಬರಬೇಕು, ಏಕೆಂದರೆ ಮುಂದಿನ ಊರಿನ ಹಾಲ್‌ನ ಬಾಗಿಲು ಯಾವ ಕಡೆ ಇರುತ್ತದೋ ನಿಮಗೆ ಗೊತ್ತಿಲ್ಲ. ಆರ್ಡರ್ ಕೊಡುವಾಗ ‘ಎಡ’, ‘ಬಲ’ ಎಂದು ಬಾಯಿಮಾತಿನಲ್ಲಿ ಹೇಳಬೇಡಿ. ಕುಳಿತವರ ಎಡ ನೋಡುವವರ ಬಲ. ನಿಮ್ಮ ಹಾಲ್‌ನ ನಕ್ಷೆಯನ್ನು ಕಾಗದದ ಮೇಲೆ ಗೀಚಿ, ಸೋಫಾ ಬಿಡಿಸಿ, ಅದರ ಮೇಲೆ ಅಂಗಡಿಯವರ ಸಹಿ ಪಡೆಯಿರಿ. ಇದೊಂದು ತಪ್ಪಿನಿಂದ ಹಿಂದಿರುಗಿದ ಸೋಫಾಗಳನ್ನು ನಾನೇ ಹಲವು ಸಲ ನೋಡಿದ್ದೇನೆ.

ಪ್ರಶ್ನೆ (ಗೋಕಾಕ): ಬಟ್ಟೆ ಒಳ್ಳೆಯದೋ, ಲೆದರೆಟ್ ಒಳ್ಳೆಯದೋ? ನಮ್ಮ ಅಕ್ಕ ವಿಜಯಪುರದಲ್ಲಿ, ತಂಗಿ ಖಾನಾಪುರದಲ್ಲಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಇಬ್ಬರ ಮಾತೂ ಅವರವರ ಊರಿಗೆ ಸರಿಯಿರಬೇಕು. ವಿಜಯಪುರದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ಎರೆಮಣ್ಣಿನ ಸಣ್ಣ ಧೂಳು. ಲೆದರೆಟ್ ಎಂಬುದು ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಪದರ. ಧೂಳು ಒರೆಸಲು ಸುಲಭವೇನೋ ಹೌದು. ಆದರೆ ಬೆವರನ್ನು ಅದು ಹೀರುವುದಿಲ್ಲ, ಏಪ್ರಿಲ್ ತಿಂಗಳಿನಲ್ಲಿ ಸೆಕೆಗೆ ತೊಡೆ ಅಂಟಿಕೊಳ್ಳುತ್ತದೆ. ಖಾನಾಪುರದ ಕಡೆ ಮಳೆಗಾಲ ದೀರ್ಘ, ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ದಪ್ಪ ಬಟ್ಟೆಯ ಸೋಫಾವನ್ನು ಹೊರಗೋಡೆಗೆ ಒತ್ತಿ ಇಟ್ಟರೆ ಹಿಂಬದಿಗೆ ಬೂಸ್ಟು ಬರುತ್ತದೆ. ಪಾಲಿಯುರಿಥೇನ್ ಪದರದ ಅಗ್ಗದ ಲೆದರೆಟ್ಟಿಗೆ ಬಿಸಿಲೂ ತೇವವೂ ಎರಡೂ ಆಗಿಬರುವುದಿಲ್ಲ. ತೇವದಿಂದ ಪದರದ ಅಣುಗಳ ಕೊಂಡಿ ಕಳಚಿ, ಕೆಲವೇ ವರ್ಷಗಳಲ್ಲಿ ಅದು ಹುರುಪೆಯಾಗಿ ಉದುರತೊಡಗುತ್ತದೆ, ಒಮ್ಮೆ ಶುರುವಾದರೆ ದುರಸ್ತಿ ಮಾಡಲು ಬರುವುದಿಲ್ಲ.

ಹಾಗಾಗಿ ನನ್ನ ಒಲವು ಬಟ್ಟೆಯ ಕಡೆಗೆ, ಅದರಲ್ಲೂ ನೇಯ್ಗೆ ಬಿಗಿಯಾಗಿರುವ, ಜಿಪ್ಪು ಬಿಚ್ಚಿ ಕಳಚಿ ತೊಳೆಯಲು ಬರುವ ಹೊದಿಕೆಯ ಕಡೆಗೆ. ಬಟ್ಟೆ ಎಷ್ಟು ಸವೆತ ತಾಳುತ್ತದೆ ಎಂಬುದನ್ನು ಮಾರ್ಟಿನ್‌ಡೇಲ್ ಎಂಬ ಪರೀಕ್ಷೆಯಲ್ಲಿ ಉಜ್ಜಿ ಎಣಿಸುತ್ತಾರೆ. ದಿನವೂ ಬಳಸುವ ಮನೆಯ ಸೋಫಾಕ್ಕೆ ಆ ಎಣಿಕೆ 20,000ಕ್ಕಿಂತ ಮೇಲಿರಲಿ. ಬಟ್ಟೆಯ ಮಾದರಿ ಪುಸ್ತಕದ ಹಿಂಬದಿಯ ಚೀಟಿಯಲ್ಲಿ ಅದನ್ನು ಹಲವು ವೇಳೆ ಅಚ್ಚು ಹಾಕಿರುತ್ತಾರೆ. ವೆಲ್ವೆಟ್ ಕಣ್ಣಿಗೆ ಚೆಂದ, ಎರೆಭೂಮಿಯ ಊರುಗಳಲ್ಲಿ ಮಾತ್ರ ಅದು ಧೂಳಿನ ಗೂಡು. ಸಣ್ಣ ಮಕ್ಕಳಿರುವ ಮನೆಯಲ್ಲಿ ತಿಳಿ ಬಣ್ಣದ ಮೋಹವನ್ನು ನಾಲ್ಕು ವರ್ಷ ಮುಂದೂಡುವುದೇ ಲೇಸು. ಖಾನಾಪುರದಲ್ಲಾದರೆ ಗೋಡೆಯಿಂದ ನಾಲ್ಕು ಅಂಗುಲ ಬಿಟ್ಟು ಇಡಿ, ಮಳೆ ಹೊಳವಾದ ದಿನ ಕುಷನ್ನುಗಳನ್ನು ಎಬ್ಬಿಸಿ ನಿಲ್ಲಿಸಿ ಗಾಳಿ ಆಡಿಸಿ.

ನಮ್ಮ ಭಾಗದ ನೇಯ್ಗೆಯನ್ನು ಇದರಲ್ಲಿ ಬಳಸಬಹುದೇ ಎಂದು ಇನ್ನೂ ಇಬ್ಬರು ಕೇಳಿದ್ದಾರೆ. ಗುಳೇದಗುಡ್ಡದ ಖಣದಿಂದ ಬೆನ್ನ ದಿಂಬಿನ ಕವರು ಹೊಲಿಸಿದರೆ ಬಹಳ ಒಪ್ಪುತ್ತದೆ. ಸೀಟಿಗೆ ಮಾತ್ರ ಬೇಡ, ಕುಪ್ಪಸಕ್ಕೆಂದು ನೇಯ್ದ ಬಟ್ಟೆ ಅಂಥ ಉಜ್ಜಾಟವನ್ನು ತಾಳದು. ಸೀಟಿನ ಮೇಲೆ ಹಾಸಲು ನಮ್ಮ ಕೌದಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಹಳೆಯ ಹತ್ತಿ ಸೀರೆಗಳ ಪದರ ಬೆವರು ಹೀರುತ್ತದೆ, ತೊಳೆದಷ್ಟೂ ಮೃದುವಾಗುತ್ತದೆ, ಮತ್ತು ಹೊಲಿಗೆಯ ಒತ್ತಿನಿಂದಾಗಿ ಜಾರುವುದಿಲ್ಲ.

ಪ್ರಶ್ನೆ (ಜಮಖಂಡಿ): ಶೋರೂಮಿನಲ್ಲಿ ನೋಡಿದ ಸೋಫಾವನ್ನು ನಮ್ಮೂರ ಬಡಿಗೇರರು ಸರಿಸುಮಾರು ಅದೇ ಬೆಲೆಗೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಯಾರನ್ನು ನಂಬಬೇಕು? ಒಳಗೆ ಏನಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಬೆಲೆ ಒಂದೇ ಆದರೆ ನಾನು ಬಡಿಗೇರರ ಕಡೆಗೇ ವಾಲುತ್ತೇನೆ. ಚೌಕಟ್ಟನ್ನು ಬಟ್ಟೆ ಹೊದಿಸುವ ಮೊದಲೇ ಹೋಗಿ ಕಣ್ಣಾರೆ ನೋಡಬಹುದು ಎಂಬುದೊಂದೇ ಅದಕ್ಕೆ ಸಾಕಷ್ಟು ಕಾರಣ. ಸೋಫಾದ ಆಯುಷ್ಯ ಇರುವುದು ಬಟ್ಟೆಯ ಅಡಿಯಲ್ಲಿ, ಮತ್ತು ಅಲ್ಲಿ ಏನಿದೆ ಎಂದು ನಾವು ಕೇಳುವುದೇ ಕಡಿಮೆ.

ಹಿಂದೊಮ್ಮೆ ಎರಡೇ ವರ್ಷಕ್ಕೆ ನಡುವೆ ಕುಸಿದ ಸೋಫಾವೊಂದನ್ನು ಮಗುಚಿ, ತಳದ ಕಪ್ಪು ಬಟ್ಟೆ ಹರಿದು ನೋಡಿದ್ದೆ. ಒಳಗೆ ಬೆರಳಿನಷ್ಟು ದಪ್ಪದ ಪೈನ್ ಪಟ್ಟಿಗಳು, ಕೆಲವಕ್ಕೆ ಪ್ಯಾಕಿಂಗ್ ಪೆಟ್ಟಿಗೆಯ ಮುದ್ರೆ ಇನ್ನೂ ಇತ್ತು. ಕೂಡಿಕೆಗಳಲ್ಲಿ ಗೂಟವಿಲ್ಲ, ಅಂಟಿಲ್ಲ, ಬರೀ ಸ್ಟೇಪಲ್ ಪಿನ್ನು. ಸೀಟಿನ ಭಾರ ಹೊರಬೇಕಾದ ಎಲಾಸ್ಟಿಕ್ ಪಟ್ಟಿಗಳು ಗೇಣಿಗೊಂದರಂತೆ ವಿರಳವಾಗಿದ್ದು, ನಾಲ್ಕರಲ್ಲಿ ಎರಡು ಪಿನ್ನು ಕಿತ್ತುಕೊಂಡು ಜೋತಾಡುತ್ತಿದ್ದವು. ಮೇಲಿನ ಬಟ್ಟೆ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಆ ಮನೆಯ ಯಜಮಾನರು ಏನೂ ಮಾತಾಡದೆ ಆ ಪಟ್ಟಿಯನ್ನು ಬೆರಳಿನಿಂದ ಎತ್ತಿ ಎತ್ತಿ ಬಿಡುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರು ಕೊಟ್ಟ ಹಣ ಕಡಿಮೆಯದಾಗಿರಲಿಲ್ಲ.

ಬಡಿಗೇರರಿಗೆ ಹೀಗೆ ಹೇಳಿ. ಚೌಕಟ್ಟಿಗೆ ಚೆನ್ನಾಗಿ ಒಣಗಿದ ಸಾಗವಾನಿ ಅಥವಾ ಸಾಲ್ ಇರಲಿ, ಖರ್ಚು ಹೆಚ್ಚೆನಿಸಿದರೆ ಹದವಾದ ಬೇವು ಆದೀತು. ಬೇವನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ, ನಮ್ಮ ಕಡೆ ಅದು ದೊರೆಯುತ್ತದೆ ಕೂಡ. ಆದರೆ ಹಸಿ ಕಟ್ಟಿಗೆ ಬೇಡ, ಬೇಸಿಗೆಯಲ್ಲಿ ಅದು ಸೊಟ್ಟಗಾಗಿ ಕೂಡಿಕೆ ಸಡಿಲುತ್ತದೆ. ಮೂಲೆಗಳನ್ನು ಕಚ್ಚು ಕೊರೆದು ಅಂಟು ಹಾಕಿ ಕೂಡಿಸಲಿ, ಒಳಮೂಲೆಗೆ ತ್ರಿಕೋನದ ತುಂಡು ತಿರುಪಿನಿಂದ ಬಿಗಿಯಲಿ. ಉದ್ದನೆಯ ಬದಿಗೆ ನಡುವೆಯೂ ಒಂದು ಕಾಲು ಇರಲೇಬೇಕು. ಇದನ್ನು ಮರೆಯುವವರು ಬಹಳ. ಸೀಟಿನ ಅಡಿಗೆ ಅಂಕುಡೊಂಕಿನ ಸ್ಪ್ರಿಂಗು ಅಥವಾ ಒಂದಕ್ಕೊಂದು ಹೆಣೆದ, ನಡುವೆ ಎರಡಂಗುಲಕ್ಕಿಂತ ಹೆಚ್ಚು ಸಂದಿಲ್ಲದ ಅಗಲ ಪಟ್ಟಿ ಹಾಕಲಿ. ತಳದ ಹಲಗೆಗೆ ಗೆದ್ದಲಿನ ಔಷಧ ಬಳಿಯಲಿ.

ಫೋಮಿನ ವಿಷಯದಲ್ಲಿ ಮೋಸ ಹೆಚ್ಚು, ಅದನ್ನು ಕಂಡುಹಿಡಿಯುವ ಉಪಾಯ ಮಾತ್ರ ಬಹಳ ಸರಳ. ‘32 ಡೆನ್ಸಿಟಿ’ ಎಂದರೆ ಒಂದು ಘನ ಮೀಟರ್ ಫೋಮ್ 32 ಕಿಲೋ ತೂಗಬೇಕು ಎಂದರ್ಥ. 24 ಅಂಗುಲ ಉದ್ದ, 24 ಅಂಗುಲ ಅಗಲ, 5 ಅಂಗುಲ ದಪ್ಪದ ಸೀಟಿನ ತುಂಡು 32 ಡೆನ್ಸಿಟಿಯದಾದರೆ ಸುಮಾರು 1.5 ಕಿಲೋ, 40ರದಾದರೆ ಸುಮಾರು 1.9 ಕಿಲೋ ತೂಗುತ್ತದೆ. ಕುಷನ್ನಿನ ಜಿಪ್ಪು ಬಿಚ್ಚಿ, ಬರೀ ಫೋಮ್ ತೆಗೆದು ತಕ್ಕಡಿಗೆ ಹಾಕಿ. ಒಂದು ಕಿಲೋದ ಆಸುಪಾಸಿಗೇ ಮುಳ್ಳು ನಿಂತರೆ ಅದು 23ರ ಹತ್ತಿರದ ಸಾದಾ ಫೋಮ್, ದಿನಬಳಕೆಯ ಸೀಟಿಗೆ ಬಾರದು. ಸೀಟಿಗೆ 40, ಬೆನ್ನಿಗೆ 32 ಇರಲಿ ಎಂಬುದು ನನ್ನ ಅಭಿಪ್ರಾಯ. ಡೆನ್ಸಿಟಿ ಹೆಚ್ಚೆಂದರೆ ಗಟ್ಟಿ ಎಂದೇನಲ್ಲ, ಬಾಳಿಕೆ ಹೆಚ್ಚು ಎಂದು ತಿಳಿಯಿರಿ. ಮೆತ್ತಗೋ ಗಟ್ಟಿಯೋ ಎಂಬುದನ್ನು ಬೇರೆಯಾಗಿ, ಹತ್ತು ನಿಮಿಷ ಕುಳಿತೇ ನೋಡಬೇಕು. ಶೋರೂಮಿನವರು ಜಿಪ್ಪು ಬಿಚ್ಚಲು, ಸೋಫಾದ ಒಂದು ತುದಿ ಎತ್ತಿ ತಳ ನೋಡಲು ಒಪ್ಪುವುದಾದರೆ ಅವರಲ್ಲಿಯೂ ಧಾರಾಳವಾಗಿ ಕೊಳ್ಳಿ.

ಪ್ರಶ್ನೆ (ಬೆಳಗಾವಿ): ಐದು ವರ್ಷದ ವಾರಂಟಿ ಎಂದು ಹೇಳಿ ಮಾರಿದ ಎಲ್ ಸೋಫಾದ ಸೀಟು ಏಳೇ ತಿಂಗಳಿಗೆ ಗುಂಡಿ ಬಿದ್ದಿದೆ. ಅಂಗಡಿಯವರು ‘ಮಕ್ಕಳು ಕುಣಿದಿರಬೇಕು’ ಎನ್ನುತ್ತಾರೆ. ನಾವೇನು ಮಾಡಬಹುದು?

ಉತ್ತರ: ಮೊದಲು ಬಿಲ್ಲನ್ನೂ ವಾರಂಟಿ ಕಾಗದವನ್ನೂ ಓದಿ. ವಾರಂಟಿ ಚೌಕಟ್ಟಿಗೆ ಮಾತ್ರವೋ ಫೋಮಿಗೂ ಇದೆಯೋ ನೋಡಿ, ಬಹಳ ಮಂದಿ ಸೋಲುವುದು ಇಲ್ಲಿಯೇ. ಸೀಟಿನ ಮೇಲೆ ನೇರ ಪಟ್ಟಿ ಇಟ್ಟು ಗುಂಡಿಯ ಆಳ ಕಾಣುವಂತೆ ಫೋಟೋ ತೆಗೆಯಿರಿ, ಮೇಲೆ ಹೇಳಿದಂತೆ ಫೋಮ್ ತೂಗಿ ಅದರ ಫೋಟೋವನ್ನೂ ಇಟ್ಟುಕೊಳ್ಳಿ. ಹೇಳಿದ ಡೆನ್ಸಿಟಿಗೂ ತೂಕಕ್ಕೂ ತಾಳೆಯಾಗದಿದ್ದರೆ ಮಕ್ಕಳ ಮೇಲಿನ ಆರೋಪ ನಿಲ್ಲುವುದು ಕಷ್ಟ. ದೂರನ್ನು ಬರವಣಿಗೆಯಲ್ಲಿ ಕೊಟ್ಟು, 15 ದಿನದಲ್ಲಿ ಸರಿಪಡಿಸಿ ಎಂದು ಗಡುವು ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ದೂರು ದಾಖಲಿಸಿದರೆ ಅಂಗಡಿಯವರೊಂದಿಗೆ ಮಾತುಕತೆಯಲ್ಲಿಯೇ ಪ್ರಕರಣ ಮುಗಿಯುವುದುಂಟು. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಿಲ್ ಇಲ್ಲದೆ ಕೊಂಡವರಿಗೆ ಇದನ್ನೆಲ್ಲ ಸಾಧಿಸುವುದು ಬಹಳ ಕಷ್ಟವಾದ್ದರಿಂದ, ತೆರಿಗೆ ಉಳಿಸುವ ಮಾತಿಗೆ ದಯವಿಟ್ಟು ಯಾರೂ ಒಪ್ಪಬೇಡಿ.

ಪ್ರಶ್ನೆ (ಇಳಕಲ್): ನಮ್ಮದು ಕೂಡು ಕುಟುಂಬ. ವರ್ಷಕ್ಕೆ ನಾಲ್ಕೈದು ಸಲವಾದರೂ ಮನೆಯಲ್ಲಿ ತೊಟ್ಟಿಲು, ಸೀಮಂತ, ಶ್ರಾವಣದ ಪೂಜೆ ಎಂದು ಐವತ್ತು ಜನ ಸೇರುತ್ತಾರೆ. ಹಾಲ್‌ನಲ್ಲೇ ಹಾಸಿ ಕೂಡಬೇಕು, ಅಲ್ಲಿಯೇ ಊಟದ ಪಂಕ್ತಿ. ಎಲ್ ಸೋಫಾ ಬಂದರೆ ಜಾಗ ಎಲ್ಲಿಂದ ಬರಬೇಕು ಎಂದು ಅತ್ತೆಯವರು ಕೇಳುತ್ತಾರೆ.

ಉತ್ತರ: ಅತ್ತೆಯವರು ಕೇಳಿದ್ದು ಈ ತಿಂಗಳ ಪ್ರಶ್ನೆಗಳಲ್ಲೆಲ್ಲ ಮುಖ್ಯವಾದದ್ದು. ನಮ್ಮ ಹಾಲ್ ಒಂದೇ ಕೆಲಸದ ಕೋಣೆಯಲ್ಲ. ಬೆಳಿಗ್ಗೆ ಮಕ್ಕಳ ಓದು, ಮಧ್ಯಾಹ್ನ ಕಾಳು ಆರಿಸುವುದು, ಸಂಜೆ ಟಿವಿ, ರಾತ್ರಿ ಊರಿಂದ ಬಂದವರ ಹಾಸಿಗೆ, ಕಾರ್ಯವಿದ್ದ ದಿನ ಮಂಟಪ. ಅಂಥ ಕೋಣೆಯಲ್ಲಿ ಅಲುಗಾಡದ ಆಸನ ಇಟ್ಟರೆ ಮನೆಯೇ ಇಕ್ಕಟ್ಟಾಗುತ್ತದೆ. 1970ರಲ್ಲಿ ಇಟಲಿಯ ಮಾರಿಯೊ ಬೆಲ್ಲಿನಿ ಅವರು ರೂಪಿಸಿದ ‘ಕಮಲಿಯೊಂಡಾ’ ಎಂಬ ಸೋಫಾದಲ್ಲಿ ಸೀಟು, ಬೆನ್ನು, ಕೈ ಎಲ್ಲವೂ ಬೇರೆ ಬೇರೆ. ಕೊಕ್ಕೆ ಮತ್ತು ಉಂಗುರಗಳಿಂದ ಅವನ್ನು ಬೇಕಾದಂತೆ ಕೂಡಿಸಬಹುದು, ಬಿಡಿಸಬಹುದು. ಅಷ್ಟು ದುಬಾರಿಯ ವಸ್ತು ನಮಗೆ ಬೇಡ, ಆ ಯೋಚನೆ ಮಾತ್ರ ನಮ್ಮ ಮನೆಗಳಿಗೇ ಹೇಳಿ ಮಾಡಿಸಿದಂತಿದೆ.

ನೀವು ಬಡಿಗೇರರಿಂದ ಐದು ತುಂಡುಗಳ ಸೋಫಾ ಮಾಡಿಸಿ: ಕೈ ಇರುವ ತುದಿಯ ಆಸನಗಳು ಎರಡು, ಕೈ ಇಲ್ಲದ ನಡುವಣ ಆಸನ ಒಂದು, ಮೂಲೆಯದೊಂದು, ಬೆನ್ನಿಲ್ಲದ ಚೌಕ ಪೀಠ ಒಂದು. ಪ್ರತಿಯೊಂದೂ ಎರಡೂವರೆ ಅಡಿಗಿಂತ ಅಗಲ ಬೇಡ, ಇಬ್ಬರು ಹೆಂಗಸರು ಎತ್ತುವಷ್ಟು ಭಾರ ಇರಲಿ. ಒಂದಕ್ಕೊಂದು ಸಿಕ್ಕಿಸುವ ಕಬ್ಬಿಣದ ಕೊಂಡಿಗಳನ್ನು ಅಡಿಯಲ್ಲಿ ಹಾಕಿಸಿ. ನಮ್ಮ ಕಲ್ಲಿನ ನೆಲದ ಮೇಲೆ ಎಳೆದರೆ ಗೀರು ಬೀಳದಂತೆ ಕಾಲುಗಳಿಗೆ ದಪ್ಪ ಫೆಲ್ಟ್ ಅಂಟಿಸಿ. ಕಾರ್ಯದ ದಿನ ಕೊಂಡಿ ಬಿಡಿಸಿ, ಕೈ ಇರುವ ಎರಡು ಆಸನಗಳನ್ನು ಮಾತ್ರ ಹಿರಿಯರಿಗೆಂದು ಗೋಡೆಗೆ ಇಟ್ಟುಕೊಂಡು, ಉಳಿದವನ್ನು ಅಂಗಳಕ್ಕೋ ಮಲಗುವ ಕೋಣೆಗೋ ಸಾಗಿಸಬಹುದು. ಸೀಮಂತವಾದರೆ ಬೆನ್ನಿಲ್ಲದ ಆ ಚೌಕ ಪೀಠದ ಮೇಲೆ ಇಳಕಲ್ ಸೀರೆಯೊಂದನ್ನು ಮಡಿಸಿ ಹಾಸಿ ಬಸುರಿಯನ್ನು ಕೂರಿಸಿ. ಉಡಿ ತುಂಬುವವರು ಮುಂದಿನಿಂದಲೂ ಪಕ್ಕದಿಂದಲೂ ಬರಲು ದಾರಿ ಇರುತ್ತದೆ. ನೆಲದ ಮೇಲೆ ಎಂದಿನಂತೆ ಜಮಖಾನೆ ಹಾಸಲು ಹಾಲ್ ಪೂರ್ತಿ ನಿಮ್ಮದು. ಬಡಿಗೇರರ ಬಳಿಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಸೀಟಿನ ಎತ್ತರವನ್ನು ಅವರು ಕುಳಿತು ನೋಡಿದ ಮೇಲೆಯೇ ಚೌಕಟ್ಟಿನ ಕಟ್ಟಿಗೆ ಕೊಯ್ಯಲು ಹೇಳಿ.